ಲಿಂಬಿಹಣ್ಣಿಗೆ ಲೈಟ್ ಯಾಕ ಹತ್ತವಲ್ದು?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಒಂಬತ್ತೂವರೆಗೆ ಬಬಲೇಶ್ವರದಿಂದ ಫೋನ್ ಬಂತು. ನಮ್ಮ ಅಕ್ಕನ ಮಗಳು, ಏಳನೇ ಕ್ಲಾಸು. ಹಲೋ ಇಲ್ಲ, ಊಟ ಆತೇನು ಅಂತ ಕೇಳೋದೂ ಇಲ್ಲ. ನೇರವಾಗಿ "ಮಾಮಾ, ಲೈಟ್ ಹತ್ತವಲ್ದು" ಅಂದಳು. ಧ್ವನಿಯಲ್ಲಿ ಅಳು ಇತ್ತು.

ಸೋಮವಾರ ಅವರ ಸಾಲಿಯಲ್ಲಿ ವಿಜ್ಞಾನ ವಸ್ತು ಪ್ರದರ್ಶನ. ಇವಳು ಹೆಸರು ಕೊಟ್ಟಿದ್ದು ‘ಲಿಂಬೆಹಣ್ಣಿನಿಂದ ವಿದ್ಯುತ್’ ಅಂತ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದಾಳೆ. ಅದರಲ್ಲಿ ಒಬ್ಬ ಲಿಂಬೆಹಣ್ಣಿಗೆ ಒಂದು ಮೊಳೆ, ಒಂದು ನಾಣ್ಯ ಚುಚ್ಚುತ್ತಾನೆ, ವಾಯರ್ ಹಚ್ಚುತ್ತಾನೆ, ಬಲ್ಬು ಫಳ್ಳಂತ ಹತ್ತುತ್ತದೆ. ನಲವತ್ತು ಸೆಕೆಂಡಿನ ಕೆಲಸ. ಇವಳು ಎರಡು ದಿನದಿಂದ ಅದನ್ನೇ ಮಾಡುತ್ತಿದ್ದಾಳೆ, ಮನೆಯಲ್ಲಿದ್ದ ಲಿಂಬೆಹಣ್ಣೆಲ್ಲ ತೂತು. ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು: "ಉಪ್ಪಿನಕಾಯಿಗೆ ತಂದಿದ್ನಿ, ಎಲ್ಲಾ ಹಾಳ ಮಾಡ್ಯಾಳ ನೋಡೋ."

ಅವರಪ್ಪ ಇನ್ನೊಂದು ದಾರಿ ಹೇಳಿದ್ದರಂತೆ. ನಾಳೆ ವಿಜಯಪುರಕ್ಕೆ ಹೋಗಿ ರೆಡಿ ಮಾಡೆಲ್ ತರೋಣ, ಸ್ವಿಚ್ ಒತ್ತಿದರೆ ಬಣ್ಣಬಣ್ಣದ ಲೈಟ್ ಬರುತ್ತವೆ, ತಲೆನೋವಿಲ್ಲ. ಹುಡುಗಿ ಒಪ್ಪಿಲ್ಲ. "ಅದು ನಂದಲ್ಲಲ್ಲ ಮಾಮಾ" ಅಂದಳು.

ನಾನು ಫೋನಿನಲ್ಲೇ ಮೂರು ಪ್ರಶ್ನೆ ಕೇಳಿದೆ. ನಾಣ್ಯ ಯಾವುದು? ಒಂದು ರೂಪಾಯಿ. ಮೊಳೆ ಯಾವುದು? ಬಡಗಿ ಹೊಡೆಯೋ ಸಾದಾ ಮೊಳೆ. ಬಲ್ಬು ಯಾವುದು? ಅಜ್ಜನ ಹಳೇ ಬ್ಯಾಟರಿಯದ್ದು. ಅಂದರೆ ಟಾರ್ಚಿನದು. ಮೂರಕ್ಕೆ ಮೂರೂ ತಪ್ಪು. ಆದರೆ ತಪ್ಪು ಅವಳದ್ದಲ್ಲ. ವಿಡಿಯೋದವನು ಯಾವ ದೇಶದ ನಾಣ್ಯ, ಎಂಥ ಮೊಳೆ ಅಂತ ಒಂದು ಮಾತೂ ಹೇಳಿರಲಿಲ್ಲ.

"ನಾಳೆ ಬರ್ತೀನಿ. ಏನೂ ಬಿಚ್ಚಬ್ಯಾಡ, ಏನೂ ಒಗೀಬ್ಯಾಡ. ಯಾಕ ಹತ್ತವಲ್ದು ಅನ್ನೋದ ನಿನ್ನ ಪ್ರಾಜೆಕ್ಟ್" ಅಂದೆ.

ಮರುದಿನ ಮೊದಲು ತಿಕೋಟಾಕ್ಕೆ ಹೋದೆ. ನಾನು ಬೆಳೆದದ್ದು ಅಲ್ಲೇ. ಈ ಕಡೆ ಬಂದವರಿಗೆ ಗೊತ್ತು, ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಪಡ. ಬಳ್ಳಿ ಹಬ್ಬಿಸೋದಕ್ಕೆ ಮೇಲೆ ತಂತಿ ಎಳೆದಿರುತ್ತಾರಲ್ಲ, ಅದು ಜಿಐ ತಂತಿ. ಕಬ್ಬಿಣದ ಮೇಲೆ ಸತುವಿನ ಲೇಪ ಇರೋದು, ಮಳೆಗೆ ತುಕ್ಕು ಹಿಡಿಯಬಾರದು ಅಂತ. ನನಗೆ ಬೇಕಾಗಿದ್ದು ಆ ಸತು. ಕಾಕಾನ ಪಡದಲ್ಲಿ ಬಿದ್ದಿದ್ದ ಒಂದು ಮೊಳದಷ್ಟು ಹೊಸ ತಂತಿ ಕೇಳಿ ತಗೊಂಡೆ. ಮನೆ ವೈರಿಂಗಿನಲ್ಲಿ ಉಳಿದ ತಾಮ್ರದ ವಾಯರಿನ ತುಂಡು ನನ್ನ ಹತ್ತಿರ ಇತ್ತು. ವಿಜಯಪುರದ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಎರಡು ಕೆಂಪು ಎಲ್‌ಇಡಿ, ಒಂದು ಮಲ್ಟಿಮೀಟರ್ ತಂದಿದ್ದೆ. ಮೀಟರ್ ಅಂದರೆ ದುಬಾರಿ ಅಂದುಕೊಳ್ಳಬೇಡಿ, ಇನ್ನೂರು-ಮುನ್ನೂರು ರೂಪಾಯಿಗೆ ಸಾದಾ ಮೀಟರ್ ಸಿಗುತ್ತದೆ. ನನ್ನ ಕೇಳಿದರೆ ಥರ್ಮಾಕೋಲ್, ಬಣ್ಣ, ಮಿಂಚಿನ ಕಾಗದಕ್ಕೆ ಖರ್ಚು ಮಾಡೋ ದುಡ್ಡಲ್ಲಿ ಒಂದು ಮೀಟರ್ ತಗೊಳ್ಳಿ. ಪ್ರದರ್ಶನ ಮುಗಿದ ಮೇಲೂ ಮನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಒಂದೊಂದಾಗಿ ನೋಡೋಣ.

ಮೊದಲು ನಾಣ್ಯ. ಹೊರದೇಶದ ವಿಡಿಯೋಗಳಲ್ಲಿ ಅವರು ಬಳಸೋದು ಮೇಲೆ ತಾಮ್ರ ಇರೋ ನಾಣ್ಯ. ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲು. ಅಕ್ಕನ ಅಡುಗೆಮನೆಯ ತಾಟು, ವಾಟಗಾ ಇದಾವಲ್ಲ, ಅದೇ ಜಾತಿ. ಸಾದಾ ಮೊಳೆ ಕಬ್ಬಿಣ. ಸ್ಟೀಲಿನಲ್ಲೂ ಹೆಚ್ಚಿನ ಪಾಲು ಕಬ್ಬಿಣವೇ. ಎರಡೂ ಹೆಚ್ಚುಕಮ್ಮಿ ಒಂದೇ ಮನೆತನದವರಾದರೆ ಕೊಡು-ತಗೋ ನಡೆಯೋದಿಲ್ಲ. ಲಿಂಬೆ ಬ್ಯಾಟರಿಗೆ ಬೇಕಾದದ್ದು ಸ್ವಭಾವದಲ್ಲಿ ದೂರ ಇರೋ ಎರಡು ಲೋಹ. ಒಂದಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡೋ ಆತುರ ಇರಬೇಕು, ಅದು ಸತು. ಇನ್ನೊಂದಕ್ಕೆ ಆ ಆತುರ ಇರಬಾರದು, ಅದು ತಾಮ್ರ.

ಎರಡೂ ಚುಚ್ಚಿ ಮೀಟರ್ ಹಚ್ಚಿದೆವು. 0.92 ವೋಲ್ಟ್. ಹುಡುಗಿ ಕುಣಿದಳು. ಎಲ್‌ಇಡಿ ಹಚ್ಚಿದಳು. ಹತ್ತಲಿಲ್ಲ.

ಕೆಂಪು ಎಲ್‌ಇಡಿ ಹತ್ತಬೇಕಾದರೆ ಹತ್ತಿರ ಹತ್ತಿರ 1.8 ವೋಲ್ಟ್ ಬೇಕು. ಬಿಳಿ, ನೀಲಿಯದಕ್ಕೆ 3 ವೋಲ್ಟಿನ ಆಜುಬಾಜು. ಅದಕ್ಕೇ ಕೆಂಪೇ ತನ್ನಿ ಅನ್ನೋದು. ಒಂದು ಹಣ್ಣು ಕೊಡೋದು ಅದರ ಅರ್ಧ. ಹಾಗಾದರೆ ಎರಡು ಹಣ್ಣು ಸಾಕಲ್ಲ ಅಂತೀರಿ. ಕಾಗದದ ಮೇಲೆ ಸಾಕು. ಆದರೆ ಎಲ್‌ಇಡಿ ಹಚ್ಚಿದ ಕೂಡಲೇ ಹಣ್ಣಿನ ವೋಲ್ಟೇಜ್ ಇಳಿಯುತ್ತದೆ. ಆದ್ದರಿಂದ ನಾಲ್ಕು ಹಣ್ಣು ಸಾಲಾಗಿ ಇಟ್ಟು, ಮೊದಲನೆಯದರ ತಾಮ್ರದಿಂದ ಎರಡನೆಯದರ ಸತುವಿಗೆ, ಎರಡನೆಯದರ ತಾಮ್ರದಿಂದ ಮೂರನೆಯದರ ಸತುವಿಗೆ, ಹೀಗೆ ಜೋಡಿಸಿದೆವು. ಕೊನೆಗೆ ಉಳಿದ ತಾಮ್ರಕ್ಕೆ ಎಲ್‌ಇಡಿಯ ಉದ್ದ ಕಾಲು, ಉಳಿದ ಸತುವಿಗೆ ಗಿಡ್ಡ ಕಾಲು. ಕಾಲು ಅದಲುಬದಲು ಮಾಡಿದರೆ ಎಲ್‌ಇಡಿ ಹತ್ತೋದಿಲ್ಲ. ಅದು ಒಂದೇ ದಿಕ್ಕಿನ ಬಾಗಿಲು.

ಹತ್ತಿತು. ಆದರೆ ಎಷ್ಟು? ಮಿಣುಕುಹುಳದಷ್ಟು. ಬಾಗಿಲು ಮುಚ್ಚಿ, ಕಿಟಕಿಗೆ ಚಾದರ ಕಟ್ಟಿದ ಮೇಲೆ ಕಂಡಿತು. ಪ್ರದರ್ಶನದ ಕೋಣೆಯ ಬೆಳಕಿನಲ್ಲಿ ಯಾರಿಗೂ ಕಾಣೋದಿಲ್ಲ. ಎಷ್ಟೋ ಮಕ್ಕಳು ಇಲ್ಲೇ ಸೋಲೋದು. ಹತ್ತಿರುತ್ತದೆ, ಕಾಣಿಸಿರೋದಿಲ್ಲ. ಕಪ್ಪು ಕಾಗದದ ಒಂದು ಕೊಳವೆ ಮಾಡಿ, ಒಳಗೆ ಎಲ್‌ಇಡಿ ಇಟ್ಟು, ಬಂದವರಿಗೆ ಒಂದೇ ಕಣ್ಣಿನಿಂದ ಇಣುಕೋಕೆ ಹೇಳಿ.

ಇನ್ನು ಅಜ್ಜನ ಟಾರ್ಚ್ ಬಲ್ಬು. ಅಂಥ ಬಲ್ಬಿಗೆ ಸುಮಾರು 300 ಮಿಲಿಆಂಪ್ ಕರೆಂಟ್ ಬೇಕು. ನಮ್ಮ ಹಣ್ಣು ಕೊಟ್ಟಿದ್ದು ಅರ್ಧ ಮಿಲಿಆಂಪ್. ಆರುನೂರು ಪಟ್ಟು ಕಡಿಮೆ! ವೋಲ್ಟೇಜ್ ಬೇರೆ, ಕರೆಂಟ್ ಬೇರೆ ಅನ್ನೋದು ಅವಳಿಗೆ ಗೊತ್ತಾಗಿದ್ದು ಆಗಲೇ. ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ತೋರಿಸಿದೆ. ಟ್ಯಾಂಕ್ ಎಷ್ಟು ಎತ್ತರ ಇದೆ ಅನ್ನೋದು ವೋಲ್ಟೇಜ್, ನಳದಲ್ಲಿ ಎಷ್ಟು ನೀರು ಬರುತ್ತದೆ ಅನ್ನೋದು ಕರೆಂಟ್. ನಾಲ್ಕು ಲಿಂಬೆ ಜೋಡಿಸಿದಾಗ ಟ್ಯಾಂಕ್ ನಾಲ್ಕು ಮಾಳಿಗೆ ಎತ್ತರಕ್ಕೆ ಹೋಯಿತು, ಪೈಪು ಮಾತ್ರ ಶರಬತ್ತು ಕುಡಿಯೋ ನಳಿಕೆಯಷ್ಟೇ ಉಳಿಯಿತು.

ಅಂದ ಹಾಗೆ, ಲಿಂಬೆಹಣ್ಣಿನಿಂದ ಮೊಬೈಲ್ ಚಾರ್ಜ್ ಮಾಡೋ ವಿಡಿಯೋ ನಿಮಗೂ ಬಂದಿರಬಹುದು. ಲೆಕ್ಕ ಹಾಕೋಣ. ಸಾದಾ ಚಾರ್ಜರ್ 5 ವೋಲ್ಟ್, 1 ಆಂಪ್, ಅಂದರೆ 5 ವ್ಯಾಟ್. ನಮ್ಮ ಒಂದು ಹಣ್ಣು ಕೆಲಸ ಮಾಡುವಾಗ ಅರ್ಧ ವೋಲ್ಟ್, ಅರ್ಧ ಮಿಲಿಆಂಪ್ ಕೊಡುತ್ತದೆ ಅಂದುಕೊಂಡರೆ 0.25 ಮಿಲಿವ್ಯಾಟ್. ಭಾಗಿಸಿದರೆ ಇಪ್ಪತ್ತು ಸಾವಿರ ಹಣ್ಣು ಬೇಕು. ಇಂಡಿ ಕಡೆಯ ಲಿಂಬೆ ಎಷ್ಟೇ ಹೆಸರುವಾಸಿ ಇರಲಿ, ಒಂದು ಫೋನಿಗೆ ಒಂದು ಲೋಡು! ಆ ವಿಡಿಯೋದಲ್ಲಿ ಮೇಜಿನ ಕೆಳಗೆ ಬೇರೇನೋ ಇದೆ, ಅಷ್ಟೇ.

ಮಧ್ಯಾಹ್ನ ಊಟ ಆದ ಮೇಲೆ ಅಸಲಿ ಪ್ರಶ್ನೆ ಬಂತು. ಅವಳು ಚಾರ್ಟಿನ ಮೇಲೆ ಚೆಂದ ಅಕ್ಷರದಲ್ಲಿ ಬರೆದಿದ್ದಳು: ‘ಲಿಂಬೆಹಣ್ಣಿನಲ್ಲಿ ವಿದ್ಯುತ್ ಇದೆ.’ ಪ್ರದರ್ಶನಗಳಲ್ಲಿ ನಾನು ಈ ವಾಕ್ಯ ಎಷ್ಟು ಸಲ ಓದಿದ್ದೇನೋ. "ಇದು ಖರೇನ?" ಅಂತ ಕೇಳಿದೆ. "ಪುಸ್ತಕದಾಗ..." ಅಂತ ತಡವರಿಸಿದಳು. ಪುಸ್ತಕ ಬಿಡು, ಹಣ್ಣನ್ನೇ ಕೇಳೋಣ ಅಂದೆ.

ಒಂದು ಪರೀಕ್ಷೆ: ಲೋಹ ಅದೇ ಇಟ್ಟು ಹಣ್ಣು ಬದಲಿಸೋದು. ಲಿಂಬೆ 0.92. ಹುಣಸೆ ನೀರು 0.91. ತಿಕೋಟಾದಿಂದ ತಂದ ದ್ರಾಕ್ಷಿಯ ರಸ 0.90. ಮಜ್ಜಿಗೆ 0.88. ಇನ್ನೊಂದು ಪರೀಕ್ಷೆ: ಲಿಂಬೆ ಅದೇ ಇಟ್ಟು ಲೋಹ ಬದಲಿಸೋದು. ಸತುವಿನ ಬದಲು ಸಾದಾ ಕಬ್ಬಿಣದ ಮೊಳೆ ಹಾಕಿದರೆ 0.46. ಎರಡೂ ಕಡೆ ತಾಮ್ರ ಹಾಕಿದರೆ ಸೊನ್ನೆ. ಹಣ್ಣು ಅದೇ, ರಸ ಅದೇ, ಕರೆಂಟ್ ಮಾತ್ರ ಮಾಯ.

ಅವಳು ಆ ಅಂಕಿಗಳನ್ನು ನೋಡುತ್ತ ಸುಮ್ಮನೆ ಕೂತಳು. ಆಮೇಲೆ ಚಾರ್ಟ್ ತಿರುವಿ ಹಾಕಿ, ಹಿಂದುಗಡೆ ಹೊಸದಾಗಿ ಬರೆಯೋಕೆ ಶುರು ಮಾಡಿದಳು.

ನಡೆಯೋದು ಇಷ್ಟು. ಸತು ಸ್ವಲ್ಪ ಸ್ವಲ್ಪವಾಗಿ ರಸದಲ್ಲಿ ಕರಗುತ್ತದೆ. ಕರಗುವಾಗ ಎಲೆಕ್ಟ್ರಾನುಗಳನ್ನು ಬಿಟ್ಟು ಹೋಗುತ್ತದೆ. ಅವು ವಾಯರಿನ ದಾರಿ ಹಿಡಿದು ತಾಮ್ರದ ಕಡೆ ಹೋಗುತ್ತವೆ. ಹುಳಿರಸದಲ್ಲಿರೋ ಹೈಡ್ರೋಜನ್ ಅಯಾನುಗಳು ಅಲ್ಲಿ ಅವನ್ನು ತಗೊಳ್ಳುತ್ತವೆ. ತಾಮ್ರದ ಸುತ್ತ ಸಣ್ಣ ಗುಳ್ಳೆ ಕಂಡರೆ ಅದೇ ಹೈಡ್ರೋಜನ್. ಖರ್ಚಾಗೋದು ಸತು. ಲಿಂಬೆಹಣ್ಣು ಇಲ್ಲಿ ಸೀಮೆಎಣ್ಣೆಯಲ್ಲ, ಕಂದೀಲು. 1800ರಲ್ಲಿ ಇಟಲಿಯ ವೋಲ್ಟಾ ಸತು, ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ತುಂಡು ಇಟ್ಟು ಪೇರಿಸಿದ್ದೂ ಇದೇ ಸಂಗತಿ. ಅವನ ಹೆಸರಿನಿಂದಲೇ ವೋಲ್ಟ್ ಬಂದಿದ್ದು.

ಮನೆಯಲ್ಲಿ ಮಾಡೋರಿಗೆ ಕೆಲವು ಮಾತು. ಹಣ್ಣನ್ನು ಮೊದಲು ನೆಲದ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ, ಒಳಗಿನ ಪೊರೆ ಒಡೆದು ರಸ ಬಿಡಬೇಕು. ತಾಮ್ರವನ್ನು ಪಾಲಿಶ್ ಪೇಪರಿನಿಂದ ಹೊಳೆಯೋ ಹಾಗೆ ಉಜ್ಜಿ. ಜಿಐ ತಂತಿಯನ್ನು ಉಜ್ಜಲೇಬೇಡಿ, ಸತುವೇ ಹೋಗಿಬಿಡುತ್ತದೆ. ಒಳಗೆ ಎರಡೂ ಒಂದಕ್ಕೊಂದು ತಾಗಬಾರದು. ಆಟ ಮುಗಿದ ಮೇಲೆ ಆ ಹಣ್ಣು ಹಿಂಡಿ ಶರಬತ್ತು ಮಾಡಬೇಡಿ, ಲೋಹ ಕರಗಿರುತ್ತದೆ. ಉಪ್ಪಿನಕಾಯಿಗೂ ಬೇಡ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನನ್ನನ್ನು ನೋಡಿದ ರೀತಿ ಬೇರೆ.

ಈಗ ಒಂದು ಬೇರೆ ಕತೆ ಹೇಳಬೇಕು. ಹೇಳೋದೋ ಬೇಡವೋ ಅಂತ ವಿಚಾರ ಮಾಡಿದೆ. ಹೇಳ್ತೀನಿ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನನ್ನದೂ ಒಂದು ಮಾಡೆಲ್ ಇತ್ತು. ಥರ್ಮಾಕೋಲಿನ ಆಲಮಟ್ಟಿ ಆಣೆಕಟ್ಟು. ಕೆಳಗೆ ಊರು, ಊರಿನ ತುಂಬ ಗಣಪತಿ ಹಬ್ಬದ ಸೀರಿಯಲ್ ಲೈಟು. ವಾಯರ್ ಸಾಲಲಿಲ್ಲ ಅಂತ ಇನ್ನೊಂದು ತುಂಡು ಸೇರಿಸಿ, ಜಾಯಿಂಟಿಗೆ ಪುಸ್ತಕಕ್ಕೆ ಹಚ್ಚೋ ಟೇಪ್ ಸುತ್ತಿದ್ದೆ. ಪ್ಲಗ್ ನೇರವಾಗಿ ಗೋಡೆಯ ಬೋರ್ಡಿಗೆ. ಬೆಳಿಗ್ಗೆ ಎರಡನೇ ಬಹುಮಾನ ಬಂತು. ಮಧ್ಯಾಹ್ನ ಸಣ್ಣ ಕ್ಲಾಸಿನ ಮಕ್ಕಳು ನೋಡಲು ಬಂದರು. ಒಬ್ಬ ಹುಡುಗ ಬಗ್ಗಿ ಆ ಜಾಯಿಂಟ್ ಮುಟ್ಟಿದ. ಅವನು ಚೀರಲಿಲ್ಲ. ಅದೇ ನನಗೆ ಇವತ್ತಿಗೂ ನೆನಪು. ಚೀರಲಿಲ್ಲ, ಕೈ ಬಿಡಲೂ ಇಲ್ಲ. ಬೋರ್ಡಿನ ಹತ್ತಿರ ಇದ್ದ ಒಬ್ಬ ಮೇಷ್ಟ್ರು ಸ್ವಿಚ್ ಆರಿಸಿದರು. ಹುಡುಗ ಉಳಿದ. ಅಂಗೈ ಸುಟ್ಟಿತ್ತು.

ಅವನು ಕೈ ಯಾಕೆ ಬಿಡಲಿಲ್ಲ ಅನ್ನೋದು ನನಗೆ ತಿಳಿದಿದ್ದು ಎಷ್ಟೋ ವರ್ಷಕ್ಕೆ. ಬೋರ್ಡಿನಲ್ಲಿರೋದು 230 ವೋಲ್ಟ್. ಮೈಯಲ್ಲಿ 1 ಮಿಲಿಆಂಪ್ ಹರಿದರೆ ಜುಮ್ ಅನ್ನುತ್ತದೆ. 10 ಮಿಲಿಆಂಪಿನ ಆಜುಬಾಜು ಹೋದರೆ ಸ್ನಾಯು ಬಿಗಿದುಕೊಂಡು ಹಿಡಿದದ್ದನ್ನು ಬಿಡೋಕೆ ಆಗೋದಿಲ್ಲ. ಇನ್ನೂ ಹೆಚ್ಚಾದರೆ ಉಸಿರು, ಹೃದಯ. ಮನೆಗಳಲ್ಲಿ ಹಾಕೋ ಆರ್‌ಸಿಸಿಬಿ 30 ಮಿಲಿಆಂಪ್ ಸೋರಿಕೆಗೇ ಕಟ್ ಆಗುವಂತೆ ಇರೋದು ಇದಕ್ಕೆ. ಟಾರ್ಚ್ ಬಲ್ಬಿಗೆ 300 ಬೇಕು ಅಂದೆನಲ್ಲ, ಅದರ ಹತ್ತನೇ ಒಂದು ಪಾಲು ಸಾಕು, ಒಂದು ಜೀವಕ್ಕೆ ಕುತ್ತು.

ಅವತ್ತು ಬಹುಮಾನ ಕೊಟ್ಟವರು ಯಾರೂ ‘ಆಣೆಕಟ್ಟಿನಲ್ಲಿ ಕರೆಂಟ್ ಹೇಗೆ ಹುಟ್ಟುತ್ತದೆ’ ಅಂತ ನನ್ನ ಕೇಳಲಿಲ್ಲ. ಕೇಳಿದ್ದರೆ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಹಟಮಾರಿ. ಮಕ್ಕಳ ಪ್ರಯೋಗ ಸೆಲ್ಲಿನಲ್ಲಿ ಮಾತ್ರ. ಒಂದೂವರೆ ವೋಲ್ಟಿನ ಸೆಲ್ಲು ಒಂದರಿಂದ ನಾಲ್ಕು, ತಪ್ಪಿದರೆ 9 ವೋಲ್ಟಿನ ಚೌಕದ ಬ್ಯಾಟರಿ. ಗೋಡೆಯ ಬೋರ್ಡಿಗೆ ಹೋಗೋ ಯಾವ ಮಾಡೆಲ್ಲೂ ಬೇಡ, ಅಪ್ಪ ಮಾಡಿಕೊಟ್ಟರೂ ಬೇಡ. ಹಳೇ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್ ಬಿಚ್ಚಿ ವಾಯರ್ ಹಚ್ಚೋದೂ ಬೇಡ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಶಾಕ್ ಹೊಡೆಯೋದಿಲ್ಲ, ಬೆಂಕಿ ಹತ್ತುತ್ತದೆ.

ಸೆಲ್ಲಿನಲ್ಲೇ ಮಾಡಬಹುದಾದ ಇನ್ನೆರಡು ಹೇಳ್ತೀನಿ, ಎರಡೂ ನಮ್ಮ ಕಡೆಗೆ ಹೊಂದುವಂಥವು.

ಬೋರ್‌ವೆಲ್ ಊರಿನ ಮಕ್ಕಳು ನೀರಿನ ಪ್ರಯೋಗ ಮಾಡಬೇಕು. ನಮ್ಮಲ್ಲಿ ಎಷ್ಟೋ ಬೋರಿನ ನೀರು ಸವಳು, ಕೊಡದ ಒಳಗೆ ಬಿಳಿ ಕಟ್ಟುತ್ತದೆ. ಒಂದು ಲೋಟ ಬೋರಿನ ನೀರು, ಒಂದು ಲೋಟ ಶುದ್ಧ ನೀರಿನ ಘಟಕದ್ದು, ಒಂದು ಲೋಟ ಹಿಡಿದಿಟ್ಟ ಮಳೆನೀರು. ರಟ್ಟಿಗೆ ಎರಡು ಸೆಂಟಿಮೀಟರ್ ಅಂತರದಲ್ಲಿ ಎರಡು ತಾಮ್ರದ ಕಡ್ಡಿ ಸಿಕ್ಕಿಸಿ. ಅಂತರ, ಮುಳುಗೋ ಆಳ ಮೂರರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸೋಕೆ ಬರೋದಿಲ್ಲ. 9 ವೋಲ್ಟಿನ ಬ್ಯಾಟರಿ, ಒಂದು ರೆಸಿಸ್ಟರ್, ಮೀಟರ್ ಸಾಲಾಗಿ ಜೋಡಿಸಿ ಎಷ್ಟು ಮಿಲಿಆಂಪ್ ಬರುತ್ತದೆ ಬರೆದುಕೊಳ್ಳಿ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದ್ದಷ್ಟೂ ಕರೆಂಟ್ ಹೆಚ್ಚು ಹರಿಯುತ್ತದೆ. ನೀರಿನ ಫಿಲ್ಟರ್ ಮಾರೋಕೆ ಮನೆಗೆ ಬರೋರು ಪೆನ್ನಿನಂಥ ಟಿಡಿಎಸ್ ಮೀಟರ್ ಮುಳುಗಿಸಿ ಹೆದರಿಸುತ್ತಾರಲ್ಲ, ಅದರ ಹೊಟ್ಟೆಯಲ್ಲೂ ಇದೇ ಇರೋದು. ಲೋಟಕ್ಕೆ ಉಪ್ಪು ಹಾಕಿ ನೋಡೋದಾದರೆ ಕೆಲವೇ ಸೆಕೆಂಡು, ಕಿಟಕಿ ತೆಗೆದು. ಉಪ್ಪುನೀರಿನಲ್ಲಿ ಬಹಳ ಹೊತ್ತು ಕರೆಂಟ್ ಬಿಟ್ಟರೆ ಕ್ಲೋರಿನ್ ಬರಬಹುದು.

ಆದರೆ ಚಾರ್ಟಿನ ಮೇಲೆ ‘ಈ ನೀರು ಕುಡಿಯಲು ಯೋಗ್ಯ’ ಅಂತ ಮಾತ್ರ ಬರೆಯಬೇಡಿ. ಒಟ್ಟು ಲವಣ ಎಷ್ಟು ಅನ್ನೋದರ ಸುಳಿವು ಕರೆಂಟ್ ಕೊಡುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ರೋಗಾಣು ಇದೆಯೋ ಇಲ್ಲವೋ ಅನ್ನೋದು ಇದರಿಂದ ತಿಳಿಯೋದಿಲ್ಲ.

ಇನ್ನೊಂದು ವಿದ್ಯುತ್ಕಾಂತ. ಪಂಪ್‌ಸೆಟ್ ಮೋಟಾರ್ ಸುಟ್ಟರೆ ಒಯ್ಯುತ್ತೀವಲ್ಲ, ಆ ವೈಂಡಿಂಗ್ ಅಂಗಡಿಯಲ್ಲಿ ಇನಾಮಲ್ ಹಚ್ಚಿದ ತಾಮ್ರದ ತಂತಿಯ ತುಂಡು ಕೇಳಿದರೆ ಕೊಡುತ್ತಾರೆ. ಕಬ್ಬಿಣದ ಮೊಳೆಗೆ 20 ಸುತ್ತು ಸುತ್ತಿ. ಎರಡೂ ತುದಿಯ ಇನಾಮಲ್ ಕೆರೆದು ತೆಗೆಯಬೇಕು, ಇದನ್ನು ಮರೆತು ‘ಹತ್ತವಲ್ದು’ ಅನ್ನೋರೇ ಜಾಸ್ತಿ. ಒಂದು ಸೆಲ್ಲಿಗೆ ಹಚ್ಚಿ ಎಷ್ಟು ಗುಂಡುಪಿನ್ ಎತ್ತುತ್ತದೆ ಎಣಿಸಿ. ಆಮೇಲೆ 40, ಆಮೇಲೆ 60. ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಸೆಲ್ಲು, ತಂತಿ ಎರಡೂ ಕಾಯುತ್ತವೆ. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರನ್ನು ಮೇಲೆತ್ತೋ ಮೋಟಾರಿನೊಳಗೂ ಸುತ್ತಿದ ತಾಮ್ರ, ಕಬ್ಬಿಣವೇ ಕೆಲಸ ಮಾಡೋದು. ಅದನ್ನೇ ತಿರುವಿ ಹಾಕಿ, ಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿಸಿದರೆ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು. ಆಲಮಟ್ಟಿಯ 290 ಮೆಗಾವ್ಯಾಟ್ ಬರೋದು ನೀರು ತಿರುಗಿಸೋದರಿಂದ, ಕೂಡಗಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸುಟ್ಟ ಉಗಿ ತಿರುಗಿಸೋದರಿಂದ. ಒಂಬತ್ತನೇ ಕ್ಲಾಸಿನಲ್ಲಿ ನನಗೆ ಗೊತ್ತಿರಬೇಕಾಗಿದ್ದ ಉತ್ತರ ಇದು.

ಸೋಮವಾರ ನಾನು ಹೋಗಲಿಲ್ಲ, ಅಕ್ಕ ಹೇಳಿದ್ದು. ನೋಡಲು ಬಂದ ಸರ್ ಒಬ್ಬರು ಕಪ್ಪು ಕೊಳವೆಯಲ್ಲಿ ಇಣುಕಿ, "ಅಂದ್ರ ಲಿಂಬಿಹಣ್ಣಿನಾಗ ಕರೆಂಟ್ ಐತಿ ಅನ್ನು" ಅಂದರಂತೆ. ಇವಳು "ಇಲ್ರಿ ಸರ್, ಸತುವಿನಾಗ ಐತ್ರಿ" ಅಂದು, ಎರಡೂ ತಾಮ್ರ ಚುಚ್ಚಿದ ಹಣ್ಣಿಗೆ ಮೀಟರ್ ಹಚ್ಚಿ ಸೊನ್ನೆ ತೋರಿಸಿದಳಂತೆ. ಸರ್ ಐದು ನಿಮಿಷ ಅಲ್ಲೇ ನಿಂತರಂತೆ. ಮೊದಲ ಬಹುಮಾನ ಹೊಗೆ ಬಿಡೋ ಜ್ವಾಲಾಮುಖಿಗೆ ಹೋಯಿತು. ಇರಲಿ.

ಆರರಿಂದ ಮೇಲಿನ ಕ್ಲಾಸಿನವರಿಗೆ ಒಂದು ಮಾತು: ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಗೆ ಸಾಲಿಯ ಮೂಲಕ ಐಡಿಯಾ ಕಳಿಸಬಹುದು. ಆಯ್ಕೆಯಾದರೆ ಮಾಡೆಲ್ ಮಾಡೋಕೆ 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ನಿಮ್ಮ ಸಾಲಿಯ ವಿಜ್ಞಾನದ ಟೀಚರನ್ನು ಕೇಳಿ.

ಮಂಗಳವಾರ ಸಂಜೆ ಮತ್ತೆ ಫೋನ್. ನಾಲ್ಕೂ ಹಣ್ಣು ಹಾಗೇ ಜೋಡಿಸಿಟ್ಟಿದ್ದಾಳೆ. ಭಾನುವಾರ 3.6 ವೋಲ್ಟ್ ಇದ್ದದ್ದು ಈಗ 2.9. "ಮಾಮಾ, ಯಾಕ ಕಡಿಮಿ ಆತು? ಹಣ್ಣು ಒಣಗಿತೋ, ಸತು ತೀರಿತೋ?"

"ನಿನಗ ಏನನಸ್ತದ?"

"ಎರಡೂ ಇರಬಹುದು."

ಎರಡನ್ನೂ ಒಟ್ಟಿಗೇ ಬದಲಿಸಬ್ಯಾಡ, ಹಣ್ಣು ಅವೇ ಇರಲಿ, ಮೊದಲು ತಂತಿ ಅಷ್ಟೇ ಹೊಸದು ಹಾಕಿ ನೋಡು ಅಂದೆ. ಫೋನ್ ಕಟ್ ಮಾಡದೇ ಎದ್ದು ಹೋದಳು. ಆ ಕಡೆಯಿಂದ ಅಕ್ಕ "ಹೊಸಾ ಹಣ್ಣು ಮುಟ್ಟಿದ್ರ ನೋಡು" ಅನ್ನೋದು ಕೇಳಿಸುತ್ತಿತ್ತು.